‘ಕರ್ವಾಲೊ’ ಓದಿಕೊಂಡು ತಾಡೋಬಾಕ್ಕೆ

ಮುಂಬಯಿಯಲ್ಲಿರುವ ನಮಗೆ ಹುಲಿ ನೋಡಬೇಕೆಂದರೆ ನಾಗರಹೊಳೆಗಿಂತ ವಿದರ್ಭದ ತಾಡೋಬಾ ಹತ್ತಿರ. ನಾಗಪುರದ ತನಕ ರೈಲು, ಮುಂದೆ ಚಂದ್ರಪುರ ಜಿಲ್ಲೆಗೆ ರಸ್ತೆ. ಮಂಗಳವಾರ ರಜೆ, ಮಳೆಗಾಲದಲ್ಲಿ ಒಳಕಾಡು ಬಂದ್. ಏಪ್ರಿಲ್-ಮೇ ಬಿಸಿಲಲ್ಲಿ ನೀರಿನ ಹೊಂಡದ ಬಳಿ ಹುಲಿ ಸಿಗೋ ಸಂಭವ ಜಾಸ್ತಿ. ಮೊಹರ್ಲಿ ಗೇಟೋ, ಕೋಲಾರಾ ಗೇಟೋ? ಗೆಳೆಯರೊಡನೆ ಈ ಲೆಕ್ಕ ಹಾಕುತ್ತಿದ್ದಾಗ ತೇಜಸ್ವಿಯವರ ‘ಕರ್ವಾಲೊ’ (1980) ನೆನಪಾಗಿ ಮತ್ತೊಮ್ಮೆ ಓದಿದೆ. ಅದೂ ಪ್ರಾಣಿಯೊಂದನ್ನು ಹುಡುಕಿ ಹೊರಟವರ ಕತೆ ತಾನೆ?

ಅಲ್ಲಿ ಹಾರುವ ಓತಿ ಕಂಡೂ ಕೈಗೆ ಸಿಗದೆ ಕಣಿವೆಯತ್ತ ತೇಲಿ ಹೋಗುತ್ತದೆ. ಆದರೂ ಓದಿದವರಿಗೆ ಮೋಸ ಹೋದೆವು ಅಂತ ಅನ್ನಿಸೋದಿಲ್ಲ. ಓತಿಗಿಂತ ಮೊದಲೇ ಕಾದಂಬರಿ ಮಂದಣ್ಣನನ್ನು ಕಂಡುಹಿಡಿದು ಕೊಟ್ಟಿರುತ್ತದೆ. ಊರವರಿಗೆ ಪೆದ್ದನಂತೆ ಕಾಣುವ ಅವನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟಾ ಪ್ರಕೃತಿತಜ್ಞನನ್ನು ಗುರುತಿಸುತ್ತಾರೆ. ಕೃತಿಯ ನಿಜವಾದ ಶೋಧ ಇದು ಎಂದು ನನ್ನ ಓದು.

ಸಫಾರಿಯಲ್ಲೂ ಒಬ್ಬ ಮಂದಣ್ಣ ಇರುತ್ತಾನೆ: ಜಿಪ್ಸಿಯ ಮುಂದಿನ ಸೀಟಿನ ಗೈಡು, ಪಕ್ಕದ ಹಳ್ಳಿಯವನು. ಜಿಂಕೆ ಯಾಕೆ ಕೂಗಿತು, ಮುಸಿಯ ಎತ್ತ ನೋಡುತ್ತಿದೆ ಅಂತ ಅವನಿಗೆ ಗೊತ್ತು. ನಾವು ಮಾತ್ರ ‘ಹುಲಿ ಎಲ್ಲಿದೆ ಭಾವೂ?’ ಅಂತ ಒಂದೇ ಪ್ರಶ್ನೆ ಕೇಳ್ತೀವಿ. ಬೈಗುಳಕ್ಕೆ ಹೆದರಿ ಅವನೂ ಗಾಡಿಗಳ ಗುಂಪಿನತ್ತಲೇ ಓಡಿಸಲು ಹೇಳುತ್ತಾನೆ.

ತಕರಾರೂ ಒಂದಿದೆ. ಮೂಡಿಗೆರೆಯಲ್ಲೇ ನೆಲೆಸಿದ್ದ ತೇಜಸ್ವಿಯವರಿಗೆ ಕಾಡು ಹಿತ್ತಿಲಿನಂತಿತ್ತು. ರಜೆ ಉಳಿಸಿಕೊಂಡು ಹೋಗುವ ನಮಗೆ ಸಿಗೋದು ಒಂದು ಹೊತ್ತು. ಅಷ್ಟು ತಾಳ್ಮೆ ನಮಗೆಲ್ಲಿ ಸಾಧ್ಯ? ಒಂದೇ ಕಾಡಿಗೆ, ಒಂದೇ ಗೇಟಿನಿಂದ, ಮೂರು ಸಲ ಹೋಗುವಂತೆ ಟಿಕೆಟು ತೆಗೆಸಿದರೆ ಸ್ವಲ್ಪ ಸಾಧ್ಯ. ಮೊದಲ ಸಲ ಗೈಡಿಗೆ ‘ನಿಮಗೆ ಇಷ್ಟವಾದದ್ದನ್ನು ತೋರಿಸಿ’ ಅನ್ನಿ. ಬಂಡೀಪುರಕ್ಕೆ ಹೊರಡುವ ನಿಮಗೂ ನನ್ನ ಸಲಹೆ ಇದೇ.