ನೀರಿಗೊಂದು ಸಿಂಬೆ

ಕೆಲಸದ ವ್ಯಾನಿನ ಹಿಂಬಾಗಿಲು ಎತ್ತಿದ ಕೂಡಲೇ ನಾನು ನೋಡುವುದು ನೀರಿನ ಟ್ಯಾಂಕನ್ನಲ್ಲ, ಅದರ ಬುಡದ ನೆಲವನ್ನು. ಬಣ್ಣ ಎಲ್ಲಿ ಸವೆದಿದೆ, ಗೀರು ಯಾವ ಕಡೆಗೆ ಎಳೆದಿದೆ ಎಂದು ನೋಡಿದರೆ ಆ ಗಾಡಿ ರಸ್ತೆಯಲ್ಲಿ ಪಟ್ಟ ಪಾಡೆಲ್ಲ ತಿಳಿಯುತ್ತದೆ. ಹೋದ ಶನಿವಾರ ಕಲಾಸಿಪಾಳ್ಯದ ವೆಲ್ಡಿಂಗ್ ಅಂಗಡಿಯೊಂದಕ್ಕೆ ಒಂದು ಈಕೋ ಬಂದಿತ್ತು. ಮನೆಮನೆಗೆ ಹೋಗಿ ಕಾರು ತೊಳೆಯುವ ಹುಡುಗನ ಗಾಡಿ. ಒಳಗೆ 300 ಲೀಟರಿನ ಕಪ್ಪು ಸಿಂಟೆಕ್ಸ್, ಅದಕ್ಕೆ ನಾಲ್ಕು ಸುತ್ತು ನೈಲಾನ್ ಹಗ್ಗ. ಗಂಟೇನೋ ಗಟ್ಟಿಯಾಗಿಯೇ ಇತ್ತು. ಆದರೆ ನೆಲದ ಮೇಲೆ ಕುಡುಗೋಲಿನ ಹಾಗೆ ಬಾಗಿದ ಎರಡು ಗೀರು, ಗೀರಿನ ಅಂಚಿಗೆ ಕಪ್ಪು ಪ್ಲಾಸ್ಟಿಕ್ಕಿನ ಪುಡಿ. ಬೆರಳಲ್ಲಿ ಒರೆಸಿ ತೋರಿಸಿದೆ.

"ಕದಲಲ್ಲ ಸಾರ್, ಹಗ್ಗ ಬಿಗಿದಿದೀನಲ್ಲ" ಎಂದ.

ಪುಡಿ ಬೇರೆ ಮಾತು ಹೇಳುತ್ತಿತ್ತು.

2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಹೇಳಿತಲ್ಲ, ಆಮೇಲೆ ಸಂಸ್ಕರಿಸಿದ ನೀರನ್ನು ತಾವೇ ಹೊತ್ತು ತಿರುಗುವ ಇಂಥ ಗಾಡಿಗಳು ನನ್ನ ಕಣ್ಣಿಗೆ ಹೆಚ್ಚು ಬೀಳುತ್ತಿವೆ. ಸಂಪು ತೊಳೆಯುವವರು, ರಸ್ತೆ ಬದಿಯ ಸಸಿಗೆ ನೀರು ಹಾಕುವವರು, ಎಲ್ಲರದೂ ಇದೇ ಕಥೆ. ಚಾವಣಿ ಮೇಲೆ ಅಲ್ಲಾಡದೆ ಕೂರಲೆಂದು ಮಾಡಿದ ಟ್ಯಾಂಕನ್ನು ಓಡುವ ಗಾಡಿಗೆ ಏರಿಸುತ್ತೇವೆ. ಹಗ್ಗ ಕಟ್ಟಿದರೆ ಮುಗಿಯಿತು ಎಂದುಕೊಳ್ಳುತ್ತೇವೆ.

ಒಂದು ಲೀಟರ್ ನೀರು ಒಂದು ಕೆ.ಜಿ. 300 ಲೀಟರ್ ಎಂದರೆ ಹತ್ತಿರಹತ್ತಿರ ಐದು ಜನ ದೊಡ್ಡವರು ಬೆಲ್ಟಿಲ್ಲದೆ ನಮ್ಮ ಬೆನ್ನ ಹಿಂದೆ ನಿಂತ ಲೆಕ್ಕ. ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಆ ನೀರಿನಲ್ಲಿರುವ ರಭಸ, ಅದೇ ಟ್ಯಾಂಕು ಸುಮಾರು 6 ಮೀಟರ್ ಎತ್ತರದಿಂದ, ಅಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ ಕೆಳಗೆ ಬಿದ್ದಾಗ ಇರುವಷ್ಟೇ. ಸರಕು ಕಟ್ಟುವ ಯುರೋಪಿನ ನಿಯಮದ ಪ್ರಕಾರ, ಕಟ್ಟಿದ್ದು ಸರಕಿನ ತೂಕದ ಶೇ 80ರಷ್ಟು ಬಲವನ್ನು ಮುಂದಕ್ಕೂ, ಶೇ 50ರಷ್ಟನ್ನು ಅಕ್ಕಪಕ್ಕಕ್ಕೂ ಹಿಂದಕ್ಕೂ ತಡೆಯಬೇಕು. ನಮ್ಮ ಹುಡುಗನ ಟ್ಯಾಂಕಿಗೆ ಮುಂದಕ್ಕೇ 240 ಕೆ.ಜಿ. ಆ ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ ಎಂಬುದನ್ನು ಬಟ್ಟೆ ಒಣಹಾಕುವವರೆಲ್ಲ ಬಲ್ಲರು.

ಇಷ್ಟೆಲ್ಲ ತುಂಬಿದ ಟ್ಯಾಂಕಿನ ಮಾತು. ನನಗೆ ಭಯ ಅರ್ಧ ಖಾಲಿಯಾದದ್ದರದು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಮನುಷ್ಯರ ಗುಣಕ್ಕೆ ಹೇಳುತ್ತೇವೆ, ಆದರೆ ಅದು ಹುಟ್ಟಿದ್ದು ನೀರು ಹೊತ್ತವರ ಸೊಂಟದ ಮೇಲೆ. ತುಂಬಿದ ನೀರಿಗೆ ಓಡಾಡಲು ಜಾಗವಿಲ್ಲ. ಅರ್ಧ ಇದ್ದರೆ ಬ್ರೇಕ್ ಒತ್ತಿದಾಗ ಗಾಡಿ ಮೊದಲು ನಿಲ್ಲುತ್ತದೆ, ನೀರು ಆಮೇಲೆ ಬಂದು ಗುದ್ದುತ್ತದೆ.

ಆ ಗುದ್ದು ನನಗೆ ಗೊತ್ತು. ಬಹಳ ವರ್ಷದ ಹಿಂದೆ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ, ಹಿಂದೆ 200 ಲೀಟರಿನ ನೀಲಿ ಡ್ರಮ್ಮು, ಅರ್ಧ ನೀರು. ತಿರುವಿನಲ್ಲಿ ಹಸು ಅಡ್ಡ ಬಂತು. ಗಾಡಿ ಸರಿಯಾಗಿಯೇ ನಿಂತಿತು. ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಯಾರೋ ದೂಡಿದ ಹಾಗಾಯಿತು, ಡ್ರಮ್ಮು ಹಗ್ಗ ಜಾರಿಸಿಕೊಂಡು ಪಕ್ಕದ ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿ ಹಾಕಿತ್ತು. ಕೊಟ್ಟಿಗೆಹಾರದ ತನಕ ಆ ಸೀಟಿನಲ್ಲಿ ನನ್ನ ಮಗಳು ಕೂತಿದ್ದಳು. ನೀರುದೋಸೆ ತಿಂದ ಮೇಲೆ ಚಿಕ್ಕಪ್ಪನ ಕಾರು ಹತ್ತಿದ್ದಳು. ಈ ವಿಷಯದಲ್ಲಿ ನಾನು ಹಟಮಾರಿಯಾದದ್ದು ಅವತ್ತಿನಿಂದ.

ಕಲಾಸಿಪಾಳ್ಯದ ಮೇಸ್ತ್ರಿಗೂ ಅದೇ ಹಟ ಇರುವುದರಿಂದಲೇ ನಾನು ಅಲ್ಲಿಗೆ ಹೋಗುವುದು. ಅವರು ಮೊದಲು ದೊಡ್ಡ ಟ್ಯಾಂಕನ್ನೇ ಇಳಿಸಿದರು. ಅದರ ಬದಲಿಗೆ 150 ಲೀಟರಿನ ಎರಡು, ಕುಳ್ಳಗೆ ಅಗಲವಾದವು. ನೀರು ಕೆಳಗಿದ್ದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ಎರಡನ್ನೂ ಒಂದೇ ಪೈಪಿಗೆ ಸೇರಿಸೋಣ ಎಂದ ಹುಡುಗ. ಮೇಸ್ತ್ರಿ ಒಪ್ಪಲಿಲ್ಲ. ಹಾಗೆ ಸೇರಿಸಿದರೆ ಎರಡೂ ಒಟ್ಟಿಗೆ ಅರ್ಧವಾಗುತ್ತವೆ, ತಿರುವಿನಲ್ಲಿ ಒಂದರ ನೀರು ಇನ್ನೊಂದಕ್ಕೆ ಹರಿಯುತ್ತದೆ. ಒಂದೊಂದಕ್ಕೂ ಬೇರೆ ವಾಲ್ವ್ ಇರಬೇಕು, ಒಂದು ಪೂರ್ತಿ ಮುಗಿದ ಮೇಲೆ ಇನ್ನೊಂದು. ಆಗ ತುಳುಕುವುದು ಯಾವಾಗಲೂ ಒಂದೇ ಟ್ಯಾಂಕು.

ಆಮೇಲೆ ಫ್ರೇಮು. ತಲೆಯ ಮೇಲೆ ಕೊಡ ಹೊರುವವರು ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಇದು ಗಾಡಿಯ ಸಿಂಬೆ. ಆಂಗಲ್ ಕಬ್ಬಿಣದ ಚೌಕಟ್ಟು ಟ್ಯಾಂಕಿನ ಅರ್ಧ ಎತ್ತರದ ತನಕ ಅಪ್ಪಿಕೊಂಡಿರುತ್ತದೆ, ಮೇಲೊಂದು ಅಡ್ಡಪಟ್ಟಿ, ಬುಡದಲ್ಲಿ ದಪ್ಪ ರಬ್ಬರ್ ಮ್ಯಾಟು. ಟ್ಯಾಂಕು ತಳವೂರುವ ಜಾಗಕ್ಕೆ ಪೂರ್ತಿ ತಗಡು ಹಾಸಬೇಕು. ಬರೀ ಪಟ್ಟಿಗಳ ಮೇಲೆ ಕೂರಿಸಿದರೆ ಪ್ಲಾಸ್ಟಿಕ್ಕು ನಡುವೆ ಜೋತುಬಿದ್ದು ಕೊನೆಗೆ ಸೀಳುತ್ತದೆ. ಫ್ರೇಮಿನ ಜಾಗ ಡ್ರೈವರ್ ಸೀಟಿನ ಹಿಂದೆ, ಹಿಂದಿನ ಚಕ್ರಕ್ಕಿಂತ ಮುಂದೆ. ತೀರಾ ಹಿಂದಕ್ಕೆ ಇಟ್ಟರೆ ಮುಂದಿನ ಚಕ್ರಕ್ಕೆ ಹಿಡಿತ ತಪ್ಪಿ ಸ್ಟೇರಿಂಗ್ ಹಗುರಾಗುತ್ತದೆ.

ಬೋಲ್ಟಿನ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳಬೇಡಿ, ನೀವೇ ಬಗ್ಗಿ ನೋಡಿ. ವ್ಯಾನಿನ ನೆಲ ತೆಳು ತಗಡು. ಅದಕ್ಕೆ ಬರೀ ವಾಷರ್ ಹಾಕಿ ಬಿಗಿದರೆ ಎಳೆತಕ್ಕೆ ಬೋಲ್ಟು ವಾಷರ್ ಸಮೇತ ತೂತು ಹರಿದುಕೊಂಡು ಮೇಲೆ ಬರುತ್ತದೆ. ಕೆಳಗಿನಿಂದ ಅಂಗೈಯಗಲದ ಪ್ಲೇಟು ಬೇಕು, ಆದಷ್ಟೂ ಚಾಸಿಸ್ಸಿನ ಅಡ್ಡಪಟ್ಟಿಗೇ ಸಿಗಬೇಕು. ಹಿಂದಿನ ಸೀಟು ತೆಗೆದ ಗಾಡಿಯಾದರೆ, ಸೀಟಿಗೆಂದೇ ಕಂಪನಿ ಗಟ್ಟಿ ಮಾಡಿ ಕೊಟ್ಟ ತೂತುಗಳಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಡ್ರಿಲ್ ಹಿಡಿಯುವ ಮುಂಚೆ ಕೆಳಗೆ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲಿ ಹೋಗಿವೆ ಎಂದು ನೋಡಿಕೊಳ್ಳಿ. ಬೋಲ್ಟಿನ ತಲೆಯ ಮೇಲೆ 8.8 ಎಂದು ಅಚ್ಚಿರಲಿ. ಅದು ಉಕ್ಕಿನ ಶಕ್ತಿಯ ಗುರುತು.

ರ‍್ಯಾಚೆಟ್ ಬೆಲ್ಟು ಕೊನೆಯ ಕಾವಲು, ಮೊದಲನೆಯದಲ್ಲ. ನೀರು ತುಂಬಿದಾಗ ಟ್ಯಾಂಕಿನ ಹೊಟ್ಟೆ ಉಬ್ಬುತ್ತದೆ, ಖಾಲಿಯಾದ ಹಾಗೆ ಒಳಕ್ಕೆ ಹೋಗುತ್ತದೆ. ಬೆಳಿಗ್ಗೆ ತಂತಿಯಂತೆ ಬಿಗಿದ ಬೆಲ್ಟು ಮಧ್ಯಾಹ್ನಕ್ಕೆ ಜೋತಾಡುವುದು ಇದೇ ಕಾರಣಕ್ಕೆ. ಮುಚ್ಚಳ ಭದ್ರವಾಗಿರಬೇಕು, ಆದರೆ ಗಾಳಿ ಆಡಲು ಸಣ್ಣ ಕೊಳವೆ ಬಿಡಬೇಕು. ಇಲ್ಲದಿದ್ದರೆ ಪಂಪು ನೀರೆಳೆದಾಗ ಟ್ಯಾಂಕು ಹೀರಿಕೊಂಡು ಚಪ್ಪಟೆಯಾಗುತ್ತದೆ. ಸೀಟಿಗೂ ಟ್ಯಾಂಕಿಗೂ ನಡುವೆ ಕಬ್ಬಿಣದ ಜಾಲರಿ ಹಾಕಿಸಿದ ಮೇಲೆಯೇ ನಾನು ಎದ್ದದ್ದು.

ಸಂಜೆ ಒಂದು ಟ್ಯಾಂಕಿಗೆ ಅರ್ಧ ನೀರು ತುಂಬಿ, ಫ್ರೇಮಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೇಸ್ತ್ರಿ ಗಾಡಿಯನ್ನು ಹಂಪುಗಳಿರುವ ಗಲ್ಲಿಗಳಲ್ಲೇ ಒಂದು ಸುತ್ತು ಓಡಿಸಿಕೊಂಡು ಬಂದರು. ಹಿಂಬಾಗಿಲು ತೆಗೆದು ಮೂವರೂ ಬಗ್ಗಿ ನೋಡಿದೆವು. ಗೆರೆ ಇದ್ದಲ್ಲೇ ಇತ್ತು. ಬೆಲ್ಟು ಮಾತ್ರ ಎರಡು ಹಲ್ಲು ಸಡಿಲವಾಗಿತ್ತು. ಹುಡುಗನೇ ಒಳಗೆ ಹತ್ತಿ, ಹಿಡಿಕೆ ಎಳೆದು ಬಿಗಿ ಮಾಡಿದ.