ಕಿವುಡ ವಿದ್ಯಾರ್ಥಿಯ ಒಂಟಿತನ: ಒಂದು ಚರಿತ್ರಗ್ರಂಥದ ವಿಮರ್ಶೆ

ಅಮೆರಿಕದ ಮನಶ್ಶಾಸ್ತ್ರಜ್ಞ ಹಾರ್ಲನ್ ಲೇನ್ (1936-2019) ಅವರು 1984ರಲ್ಲಿ ಪ್ರಕಟಿಸಿದ ‘ವೆನ್ ದ ಮೈಂಡ್ ಹಿಯರ್ಸ್’ ಎಂಬುದು ಕಿವುಡರ ಚರಿತ್ರೆಯನ್ನು ಕುರಿತ ಪ್ರಸಿದ್ಧ ಗ್ರಂಥಗಳಲ್ಲಿ ಒಂದು. ಕಿವುಡ ವಿದ್ಯಾರ್ಥಿಗಳನ್ನು ಕಾಡುವ ಖಿನ್ನತೆಗೆ ಕಾರಣವೇನು, ಅವರಿಗೆ ಸಮಾಜದಿಂದ ದೊರೆಯಬೇಕಾದ ಆಸರೆ ಯಾವುದು ಎಂಬುದನ್ನು ಇಂದು ಮನಶ್ಶಾಸ್ತ್ರಜ್ಞರು ವಿಶೇಷವಾಗಿ ಚರ್ಚಿಸುತ್ತಿದ್ದಾರೆ. ಈ ಪ್ರಶ್ನೆಗೆ ಚರಿತ್ರೆಯಿಂದ ಏನಾದರೂ ಬೆಳಕು ದೊರೆಯುವುದೇ ಎಂದು ತಿಳಿಯುವುದಕ್ಕಾಗಿ ನಾವು ಈ ಗ್ರಂಥವನ್ನು ಮತ್ತೊಮ್ಮೆ ಓದಿದೆವು.

ಗ್ರಂಥದ ಬಹುಭಾಗವನ್ನು ಲೇಖಕರು ಲೊರಾಂ ಕ್ಲೇರ್ (1785-1869) ಎಂಬ ಕಿವುಡ ಅಧ್ಯಾಪಕನ ಬಾಯಿಂದ, ಕೈಯಿಂದ ಎನ್ನುವುದೇ ಸರಿಯೇನೋ, ಹೇಳಿಸಿದ್ದಾರೆ. ಆಧಾರಗಳನ್ನು ಶ್ರಮವಹಿಸಿ ಸಂಗ್ರಹಿಸಿದ್ದಾರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗತಿಸಿದ ವ್ಯಕ್ತಿಯೊಬ್ಬನು ‘ನಾನು’ ಎಂದು ಮಾತನಾಡತೊಡಗಿದೊಡನೆ, ದಾಖಲೆ ಎಲ್ಲಿ ಮುಗಿಯಿತು, ಊಹೆ ಎಲ್ಲಿ ಮೊದಲಾಯಿತು ಎಂಬುದನ್ನು ಓದುಗನು ಗುರುತಿಸುವುದು ಕಷ್ಟವಾಗುತ್ತದೆ. ಘಟನೆಗಳ ವಿಷಯದಲ್ಲಿ ಇದನ್ನು ಸಹಿಸಬಹುದು. ಮನಸ್ಸಿನ ನೋವನ್ನು ಕುರಿತು ಬರೆಯುವಾಗ ಸಹಿಸುವುದು ಕಷ್ಟ.

ಹಾಗಿದ್ದರೂ ಮೊದಲನೆಯ ಅಧ್ಯಾಯಕ್ಕೆ ‘ನನ್ನ ಹೊಸ ಕುಟುಂಬ’ ಎಂಬ ಅರ್ಥದ ಹೆಸರನ್ನಿಟ್ಟಿರುವುದು ಬಹಳ ಉಚಿತವಾಗಿದೆ. ಹಳ್ಳಿಯಲ್ಲಿ ಬೆಳೆದ ಕ್ಲೇರ್ 1797ರಲ್ಲಿ, ತನ್ನ ಹನ್ನೆರಡನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಕಿವುಡರ ಶಾಲೆಯನ್ನು ಸೇರಿದನು. ಅಲ್ಲಿ ಅವನಿಗೆ ಪಾಠ ಹೇಳಿದ ಜಾನ್ ಮಾಸ್ಯೂ ಕೂಡ ಕಿವುಡನೇ. ಕಿವುಡ ಬಾಲಕನು ತನ್ನಂತೆಯೇ ಇದ್ದು ದೊಡ್ಡವನಾದ ಒಬ್ಬನನ್ನು ಅಲ್ಲಿ ಕಂಡನು. ಅಮೆರಿಕದಲ್ಲಿ ಕಿವುಡ ಮಕ್ಕಳ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕಿವಿ ಕೇಳುವ ತಂದೆತಾಯಿಗಳಿಗೆ ಹುಟ್ಟಿದವರು. ಮನೆಮಂದಿಯೆಲ್ಲ ಊಟಕ್ಕೆ ಕುಳಿತು ಮಾತನಾಡುತ್ತಾ ನಗುವಾಗ, ಏನೆಂದು ಕೇಳಿದ ಮಗುವಿಗೆ ‘ಆಮೇಲೆ ಹೇಳುತ್ತೇನೆ’ ಎಂಬ ಉತ್ತರವೇ ಸಿಕ್ಕುತ್ತದೆ. ಆ ‘ಆಮೇಲೆ’ ಬಹುಮಟ್ಟಿಗೆ ಬರುವುದೇ ಇಲ್ಲ. ಪ್ರೀತಿಗೆ ಕೊರತೆಯಿಲ್ಲದ ಮನೆಯಲ್ಲಿಯೂ ಹೀಗೆ ನಡೆಯುತ್ತದೆ. ಆದುದರಿಂದ ಖಿನ್ನತೆಯ ಮೂಲವನ್ನು ಕಿವಿಯಲ್ಲಿ ಹುಡುಕುವುದಕ್ಕಿಂತ, ಮಾತುಕತೆಯಿಂದ ದಿನವೂ ಹೊರಗುಳಿಯುವುದರಲ್ಲಿ ಹುಡುಕುವುದು ಯುಕ್ತವೆಂದು ನಮಗೆ ತೋರುತ್ತದೆ.

ಲೇನರೊಡನೆ ನಮ್ಮ ಭಿನ್ನಾಭಿಪ್ರಾಯ ಮೊದಲಾಗುವುದು ಇದರ ಮುಂದೆ. ಅವರ ಗ್ರಂಥದಲ್ಲಿ ಸನ್ನೆಭಾಷೆಯ ಪಕ್ಷ ಒಂದು, ಬಾಯಿಮಾತನ್ನೇ ಕಲಿಸಬೇಕೆನ್ನುವ ಪಕ್ಷ ಮತ್ತೊಂದು. ಸುಖವೆಲ್ಲ ಮೊದಲನೆಯದರ ಕಡೆಗೆ, ದುಃಖವೆಲ್ಲ ಎರಡನೆಯದರ ಕಡೆಗೆ. ಆದರೆ ಕ್ಲೇರನ ಜೀವನವೇ ಇದಕ್ಕೆ ಪೂರ್ತಿಯಾಗಿ ಒಪ್ಪುವುದಿಲ್ಲ. ‘ದ’ಕಾರ ‘ತ’ಕಾರಗಳನ್ನು ಬೇರೆಬೇರೆಯಾಗಿ ಉಚ್ಚರಿಸಲಾರದ ಬಾಲಕನ ಗದ್ದಕ್ಕೆ ಅಧ್ಯಾಪಕನೊಬ್ಬನು ಗುದ್ದಿದುದೂ, ಹುಡುಗನು ನಾಲಗೆ ಕಚ್ಚಿಕೊಂಡು ಅಂದಿನಿಂದ ಮಾತಿನ ಅಭ್ಯಾಸವನ್ನೇ ಬಿಟ್ಟುದೂ ಸನ್ನೆಗೆ ಹೆಸರಾದ ಆ ಪ್ಯಾರಿಸ್ ಶಾಲೆಯಲ್ಲಿಯೇ. ಗ್ರಂಥಕರ್ತರು ಈ ಪ್ರಸಂಗವನ್ನು ಹೇಳಿದ್ದಾರೆ. ಅದರಿಂದ ತಮ್ಮ ಪಕ್ಷವಿಭಾಗಕ್ಕೆ ಒದಗುವ ತೊಡಕನ್ನು ಮಾತ್ರ ಸಾಕಷ್ಟು ಗಮನಿಸಿಲ್ಲ.

1880ರ ಮಿಲಾನ್ ಸಮ್ಮೇಳನದ ಕಥೆ ಎಲ್ಲರಿಗೂ ತಿಳಿದದ್ದು. ಸೇರಿದ್ದ 164 ಪ್ರತಿನಿಧಿಗಳಲ್ಲಿ ಕಿವುಡನು ಒಬ್ಬನೇ. ಶಾಲೆಗಳಲ್ಲಿ ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯವಾಯಿತು. ನಮ್ಮ ಪ್ರಶ್ನೆಗೆ ಮುಖ್ಯವಾದುದು ಆ ನಿರ್ಣಯಕ್ಕಿಂತ ಅದರ ಹಿಂದೆ ನಡೆದು ಬಂದ ಇನ್ನೊಂದು ಸಂಗತಿ. ಅಮೆರಿಕದ ಕಿವುಡರ ಶಾಲೆಗಳಲ್ಲಿ 1870ರ ಸುಮಾರಿಗೆ ಅಧ್ಯಾಪಕರ ಪೈಕಿ ನೂರಕ್ಕೆ ನಲವತ್ತರಷ್ಟು ಮಂದಿ ಕಿವುಡರಿದ್ದರು. ಮೊದಲನೆಯ ಮಹಾಯುದ್ಧದ ವೇಳೆಗೆ ಆ ಪ್ರಮಾಣ ಸುಮಾರು ಹದಿನೈದಕ್ಕೆ ಇಳಿಯಿತು. ಭಾಷೆಯೊಡನೆ ಮಕ್ಕಳು ಕಳೆದುಕೊಂಡದ್ದು ಮಾಸ್ಯೂವಿನಂಥ ಹಿರಿಯರನ್ನು. ಪಾಠಕ್ರಮದ ವಾದದಲ್ಲಿ ಮುಳುಗಿದವರಿಗೆ ಈ ನಷ್ಟ ಕಣ್ಣಿಗೆ ಬೀಳುವುದು ಕಡಮೆ.

ಈ ಕುರುಡು ನಮ್ಮಲ್ಲಿಯೂ ಇದ್ದಿತು. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಕಿವುಡ ವಿದ್ಯಾರ್ಥಿಯಿದ್ದನು. ಟಿಪ್ಪಣಿಗಳನ್ನೆಲ್ಲ ಕರಿಹಲಗೆಯ ಮೇಲೆ ಬರೆದು, ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದೆವು. ಮಧ್ಯಾಹ್ನದ ಬಿಡುವಿನಲ್ಲಿ ಅವನು ಯಾರೊಡನೆ ಕುಳಿತು ಉಣ್ಣುತ್ತಾನೆಂದು ಕೇಳಬೇಕೆಂಬುದು ನಮಗೆ ತೋಚಲೇ ಇಲ್ಲ. ಎರಡನೆಯ ವರ್ಷ ಅವನು ಕಾಲೇಜಿಗೆ ಬರಲಿಲ್ಲ. ಅಂಕಗಳೇನೋ ಚೆನ್ನಾಗಿಯೇ ಇದ್ದವು.

ಕೊನೆಯದಾಗಿ ಆಲಿಸ್ ಕಾಗ್ಸ್‌ವೆಲ್ಲಳ ವಿಷಯ. ಮಗಳ ವಿದ್ಯೆಗಾಗಿ ವೈದ್ಯನಾದ ಆಕೆಯ ತಂದೆ ಪಟ್ಟ ಶ್ರಮದಿಂದಲೇ ಥಾಮಸ್ ಗ್ಯಾಲೊಡೆಟ್ 1815ರಲ್ಲಿ ಯೂರೋಪಿಗೆ ಹೋಗಿ, ಮರುವರ್ಷ ಕ್ಲೇರನನ್ನು ಕರೆತಂದದ್ದು. 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡಿನಲ್ಲಿ ಶಾಲೆ ತೆರೆದಾಗ ಇದ್ದ ಏಳು ವಿದ್ಯಾರ್ಥಿಗಳಲ್ಲಿ ಅವಳೇ ಮೊದಲನೆಯವಳು. ಸನ್ನೆ, ಗೆಳತಿಯರು, ಕಿವುಡ ಗುರು ಎಲ್ಲವೂ ಅವಳಿಗೆ ಲಭಿಸಿದವು. 1830ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡನು. ಅದೇ ತಿಂಗಳಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಅವಳೂ ಸತ್ತಳು. ದುಃಖವೇ ಅವಳನ್ನು ಕೊಂದಿತೆಂದು ಅವಳ ಕಾಲದವರು ನಂಬಿದರು. ದಿನಾಂಕಗಳ ಮಟ್ಟಿಗೆ ಚರಿತ್ರಕಾರನು ಖಚಿತವಾಗಿ ಮಾತನಾಡಬಹುದು. ದುಃಖದ ವಿಷಯದಲ್ಲಿ ಆ ನಂಬಿಕೆಯನ್ನು ನಂಬಿಕೆಯೆಂದೇ ದಾಖಲಿಸಬೇಕು. ಹೇಗಿದ್ದರೂ, ಲೇನರು ಹೂಡಿದ ಎರಡು ಪಕ್ಷಗಳಲ್ಲಿ ಯಾವುದರ ಲೆಕ್ಕಕ್ಕೂ ಈ ಸಾವು ಸೇರುವುದಿಲ್ಲ.