ತರ-ತಮದ ಕೋಷ್ಟಕ ಮತ್ತು ಕನ್ನಡದ ‘-ಇಂತ’: ಒಂದು ವಿಮರ್ಶೆ

ಇಂಗ್ಲಿಷ್–ಕನ್ನಡ ವ್ಯಾಕರಣ ಕೈಪಿಡಿಗಳು ಗುಣವಾಚಕಗಳ ತರ-ತಮವನ್ನು ಸಾಮಾನ್ಯವಾಗಿ ಒಂದು ಕೋಷ್ಟಕದಲ್ಲಿ ಮುಗಿಸುತ್ತವೆ: ಗುಡ್, ಬೆಟರ್, ಬೆಸ್ಟ್, ಎದುರಿಗೆ ಒಳ್ಳೆಯ, ಹೆಚ್ಚು ಒಳ್ಳೆಯ, ಅತ್ಯಂತ ಒಳ್ಳೆಯ. ಈ ಸಮೀಕರಣವು ಕನ್ನಡದಲ್ಲಿಲ್ಲದ ರೂಪಭೇದವೊಂದನ್ನು ಕಲ್ಪಿಸಿ, ಕಲಿಯುವವರ ತಪ್ಪುಗಳ ಮೂಲವನ್ನು ಮರೆಮಾಡುತ್ತದೆ ಎಂಬುದು ನಮ್ಮ ವಾದ.

ಬೆಂಗಳೂರಿನ ಹಳೆಯ ಬಡಾವಣೆಗಳನ್ನೇ ಉದಾಹರಣೆಯಾಗಿ ನೋಡಬಹುದು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಳೆದವು. ‘ಚಾಮರಾಜಪೇಟೆ ಮಲ್ಲೇಶ್ವರಕ್ಕಿಂತ ಹಳೆಯದು’ ಎಂಬಲ್ಲಿ ಹೋಲಿಕೆಯ ಭಾರವನ್ನೆಲ್ಲ ‘-ಇಂತ’ ಹೊರುತ್ತದೆ. ಅದು ಸೇರುವುದು ಮಾನದಂಡವಾದ ನಾಮಪದದ ಚತುರ್ಥೀ ರೂಪಕ್ಕೆ. ‘ಹಳೆಯದು’ ಬದಲಾಗುವುದಿಲ್ಲ. ಇಂಗ್ಲಿಷ್ ಎರಡು ಕಡೆ ಗುರುತು ಹಾಕುತ್ತದೆ: ಗುಣವಾಚಕವು ‘ಓಲ್ಡರ್’ ಆಗುತ್ತದೆ, ಮಾನದಂಡದ ಹಿಂದೆ ‘ದ್ಯಾನ್’ ಬರುತ್ತದೆ. ಆದ್ದರಿಂದ ‘ಓಲ್ಡ್ ದ್ಯಾನ್’ ಎಂದು ಬರೆಯುವ ವಿದ್ಯಾರ್ಥಿ ತನ್ನ ಭಾಷೆಯ ನಿಯಮವನ್ನೇ ಪಾಲಿಸುತ್ತಿರುತ್ತಾನೆ. ‘ಮೋರ್ ಬೆಟರ್’ ಬೇರೆ ಬಗೆಯದು. ಕೋಷ್ಟಕದ ‘ಹೆಚ್ಚು’ ಅದಕ್ಕೆ ಇಂಬು ಕೊಡುತ್ತದೆಯಾದರೂ ಅದನ್ನು ಕನ್ನಡದ ಪ್ರಭಾವವೆಂದಷ್ಟೇ ಹೇಳಲಾಗದು. ಇಂಥ ಇಮ್ಮಡಿ ರೂಪಗಳು ಷೇಕ್ಸ್‌ಪಿಯರನಲ್ಲೂ ಇವೆ.

‘ತಮ’ದ ಸ್ಥಿತಿ ಇನ್ನೂ ಜಟಿಲ. ‘ಅತ್ಯಂತ ಹಳೆಯ ಬಡಾವಣೆ’ ಎಂದರೆ ಬಹಳ ಹಳೆಯದೂ ಆಗಬಹುದು, ಎಲ್ಲಕ್ಕಿಂತ ಹಳೆಯದೂ ಆಗಬಹುದು. ಸಂದೇಹ ನೀಗಿಸಲು ಕನ್ನಡ ಮತ್ತೆ ‘-ಇಂತ’ವನ್ನೇ ಆಶ್ರಯಿಸುತ್ತದೆ: ‘ಎಲ್ಲಕ್ಕಿಂತ’. ಇಲ್ಲಿ ಹೋಲಿಸಲ್ಪಡುವ ವಸ್ತು ‘ಎಲ್ಲ’ದಿಂದ ಹೊರಗೆಂಬುದು ತಾನಾಗಿ ತಿಳಿಯುತ್ತದೆ. ಶಿಷ್ಟ ಇಂಗ್ಲಿಷ್ ಅದನ್ನು ‘ಅದರ್’ ಎಂಬ ಪದದಿಂದ ಬಿಡಿಸಿ ಹೇಳಬಯಸುತ್ತದೆ.

ಸಂಸ್ಕೃತದ ಆಧಾರವೂ ಇಲ್ಲಿ ನಿಲ್ಲದು. ‘ಉತ್ತಮ’, ‘ಶ್ರೇಷ್ಠ’ಗಳು ಸಂಸ್ಕೃತದಲ್ಲಿ ತಮಾರ್ಥಕ, ಕನ್ನಡದಲ್ಲಿ ಅವು ಬರಿಯ ಗುಣವಾಚಕಗಳು. ‘ಅದಕ್ಕಿಂತ ಉತ್ತಮ’, ‘ಸರ್ವಶ್ರೇಷ್ಠ’ ಎನ್ನಲು ನಮಗೆ ಅಳುಕಿಲ್ಲ. ಪದಗಳು ಬಂದವು, ಪ್ರತ್ಯಯಗಳ ವ್ಯಾಕರಣ ಬರಲಿಲ್ಲ.

ಕನ್ನಡವನ್ನು ಸಂಸ್ಕೃತದ ಅಚ್ಚಿನಲ್ಲಿ ವಿವರಿಸುವುದನ್ನು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಪ್ರಶ್ನಿಸಿದರು. ಆ ಪ್ರಶ್ನೆಯನ್ನು ಇಂಗ್ಲಿಷ್ ಬೋಧನೆಗೂ ವಿಸ್ತರಿಸಬೇಕೆಂದು ನಾವು ಭಾವಿಸುತ್ತೇವೆ. ಪದಗಳ ಕೋಷ್ಟಕದ ಬದಲು ಜೋಡಿ ವಾಕ್ಯಗಳನ್ನಿಟ್ಟು, ಯಾವ ಭಾಷೆ ಎಲ್ಲಿ ಗುರುತು ಹಾಕುತ್ತದೆಂದು ತೋರಿಸಿದರೆ ಸಾಕು. ಆಗ ವಿದ್ಯಾರ್ಥಿಗೆ ಇಂಗ್ಲಿಷಿನ ನಿಯಮ ಸ್ಪಷ್ಟವಾಗುತ್ತದೆ. ತನ್ನ ನುಡಿಯಲ್ಲಿ ಏನೋ ಕೊರತೆಯಿದೆ ಎಂಬ ತಪ್ಪು ಪಾಠವೂ ತಪ್ಪುತ್ತದೆ.